ಸಾಂಬ್ರಾದಿಂದ ಕಾಂಗೋವರೆಗೆ: ಯಾರೂ ಬರೆದಿಡದ ಕತೆಗಳು

ಬೆಳಗಾವಿ ಹತ್ತಿರದ ಸಾಂಬ್ರಾ ಎಂಬ ಹೆಸರು ಮುಧೋಳ, ಜಮಖಂಡಿ, ಬನಹಟ್ಟಿ ಕಡೆಯ ಹುಡುಗರಿಗೆ ಹೊಸದಲ್ಲ. ವಾಯುಪಡೆಗೆ ಸೇರುವ ಏರ್‌ಮನ್‌ಗಳು ಮೊದಲ ಕವಾಯತು ಕಲಿಯುವುದು ಅಲ್ಲಿಯ ತರಬೇತಿ ಶಾಲೆಯಲ್ಲಿ. ಈಗ ಅಗ್ನಿವೀರ್ ವಾಯು ಆಗಿ ಆಯ್ಕೆಯಾದವರೂ ಅಲ್ಲಿಗೇ ಹೋಗುತ್ತಾರೆ. ನಮ್ಮ ರನ್ನ ಬೆಳಗಲಿಯಿಂದ ಬಸ್ಸಿನಲ್ಲಿ ಕೆಲವೇ ತಾಸಿನ ದಾರಿ. ನಸುಕಿನಲ್ಲಿ ಎದ್ದು ಕಬ್ಬಿನ ಹೊಲದ ಪಕ್ಕದ ರಸ್ತೆಯಲ್ಲಿ ಓಡುವ ಗೆಳೆಯರನ್ನು ಕೇಳಿ ನೋಡಿ, ಎಲ್ಲರ ಕಣ್ಣಲ್ಲೂ ಒಂದೇ ಚಿತ್ರ: ಗುಡುಗುತ್ತ ಮೇಲೇರುವ ಯುದ್ಧವಿಮಾನ.

ಆದರೆ ವಾಯುಪಡೆಯಲ್ಲಿ ಹಾರುವವರಿಗಿಂತ ಹಾರಿಸುವವರೇ ಹೆಚ್ಚು. ಎಂಜಿನ್ ನೋಡುವವರು, ಇಂಧನ ತುಂಬುವವರು, ರೇಡಿಯೊ ಸರಿಪಡಿಸುವವರು, ಅಡುಗೆ ಮಾಡುವವರು. ಅವರಲ್ಲಿ ಕೆಲವರು ತಮ್ಮ ಕೆಲಸವನ್ನು ಸಾವಿರಾರು ಮೈಲಿ ದೂರದ ಆಫ್ರಿಕಾದ ಮಳೆಯಲ್ಲಿ ನಿಂತು ಮಾಡಿ ಬಂದಿದ್ದಾರೆ. ಅಂಥ ಇಬ್ಬರು ನಿವೃತ್ತರ ಜತೆ ಈ ವರ್ಷ ಹಲವು ಸಲ ಮಾತಾಡುವ ಅವಕಾಶ ನನಗೆ ಸಿಕ್ಕಿತು. ಒಬ್ಬರು ಸಿಯೆರಾ ಲಿಯೋನ್‌ನಲ್ಲಿದ್ದವರು, ಇನ್ನೊಬ್ಬರು ಕಾಂಗೋದಲ್ಲಿದ್ದವರು. ಪತ್ರಿಕೆಯಲ್ಲಿ ಹೆಸರು ಬೇಡ ಎಂದು ಇಬ್ಬರೂ ಹೇಳಿದ್ದರಿಂದ ಇಲ್ಲಿ ಹೆಸರು ಬರೆದಿಲ್ಲ.

ಮೊದಲು ಹೋದವರು

ಭಾರತೀಯ ವಾಯುಪಡೆ ಆಫ್ರಿಕಾಕ್ಕೆ ಹೋಗಿ ಈಗ ಅರವತ್ತು ವರ್ಷ ದಾಟಿದೆ. 1960ರ ಜೂನ್ 30ರಂದು ಬೆಲ್ಜಿಯಂನಿಂದ ಕಾಂಗೋ ಸ್ವತಂತ್ರವಾಯಿತು. ಕೆಲವೇ ದಿನಗಳಲ್ಲಿ ಗಣಿ ಸಂಪತ್ತಿನ ಕಟಾಂಗಾ ಪ್ರಾಂತ್ಯ ತಾನೇ ಬೇರೆ ದೇಶವೆಂದು ಘೋಷಿಸಿಕೊಂಡಿತು. ವಿಶ್ವಸಂಸ್ಥೆ ಶಾಂತಿಪಡೆ ಕಳಿಸಿತು. ಆ ಪಡೆಗೆ ಬಲ ತುಂಬಲು 1961ರ ಅಕ್ಟೋಬರ್‌ನಲ್ಲಿ ನಮ್ಮ 5ನೇ ಸ್ಕ್ವಾಡ್ರನ್ನಿನ ಆರು ಕ್ಯಾನ್‌ಬೆರಾ ವಿಮಾನಗಳು ಹೊರಟವು. ಮುಖ್ಯಸ್ಥರಾಗಿದ್ದವರು ವಿಂಗ್ ಕಮಾಂಡರ್ ಸುವಾರಿಸ್. ಕಮೀನಾ ಎಂಬ ನೆಲೆಯಲ್ಲಿ ಉಳಿದುಕೊಂಡು, ಡಿಸೆಂಬರ್‌ನಲ್ಲಿ ಕೋಲ್ವೆಜಿ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿ ಕಟಾಂಗಾದ ವಿಮಾನಗಳನ್ನು ನೆಲದ ಮೇಲೇ ನಾಶ ಮಾಡಿದರು. ಅದೇ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ ಹೋರಾಡುತ್ತ ಭೂಸೇನೆಯ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ ವೀರಮರಣ ಹೊಂದಿದರು. ಅವರಿಗೆ ಪರಮವೀರ ಚಕ್ರ ಬಂತು.

ಸಲಾರಿಯಾ ಹೆಸರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಗೊತ್ತು. ಆದರೆ ಕಮೀನಾದಲ್ಲಿ ಕ್ಯಾನ್‌ಬೆರಾಗಳ ಕೆಳಗೆ ಸ್ಪ್ಯಾನರ್ ಹಿಡಿದು ಮಲಗಿದ್ದವರ ಹೆಸರು ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ. ಆಗ ಇಪ್ಪತ್ತೈದರ ಪ್ರಾಯದಲ್ಲಿದ್ದವರು ಇಂದು ಬದುಕಿದ್ದರೆ ತೊಂಬತ್ತರ ಆಸುಪಾಸಿನಲ್ಲಿರುತ್ತಾರೆ. ಅವರ ನೆನಪು ಬಹುಮಟ್ಟಿಗೆ ಅವರೊಂದಿಗೇ ಹೋಗಿದೆ.

ಮಳೆಯ ಜತೆ ಯುದ್ಧ

ನಾನು ಮಾತಾಡಿಸಿದ ಹಿರಿಯರು ಹೆಲಿಕಾಪ್ಟರ್ ವಿಭಾಗದ ತಂತ್ರಜ್ಞ. ಅವರು 2000ದಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿದ್ದರು. ಯುದ್ಧ ಹೇಗಿತ್ತು ಎಂದು ಕೇಳಿದೆ.

“ತಮ್ಮಾ, ಯುದ್ಧದ್ದು ಆಮ್ಯಾಲೆ ಹೇಳ್ತೀನಿ. ಮೊದಲ ಮಳಿ ಕತಿ ಕೇಳು” ಎಂದರು.

ಬಾಗಲಕೋಟೆ ಜಿಲ್ಲೆಯವರಿಗೆ ಮಳೆ ಎಂದರೆ ಮೋಡ ನೋಡುತ್ತ ಕಾಯುವುದು. ಅಲ್ಲಿ ಜುಲೈ, ಆಗಸ್ಟ್ ಬಂದರೆ ಮಳೆ ನಿಲ್ಲುವುದನ್ನೇ ಕಾಯಬೇಕು. ಒಗೆದ ಬಟ್ಟೆ ವಾರವಾದರೂ ಒಣಗುತ್ತಿರಲಿಲ್ಲವಂತೆ. ಬೂಟಿನೊಳಗೆ ಬೂಷ್ಟು. ಸಂಜೆ ಎಣ್ಣೆ ಒರೆಸಿಟ್ಟ ಹತ್ಯಾರಕ್ಕೆ ಬೆಳಗಾಗುವಷ್ಟರಲ್ಲಿ ತುಕ್ಕಿನ ಚುಕ್ಕೆ. ದಿನದ ಮೊದಲ ಕೆಲಸ ಇಂಧನ ಟ್ಯಾಂಕಿನ ಅಡಿಯಿಂದ ಸ್ವಲ್ಪ ಎಣ್ಣೆಯನ್ನು ಗಾಜಿನ ಪಾತ್ರೆಗೆ ಇಳಿಸಿ, ಬೆಳಕಿಗೆ ಹಿಡಿದು ನೋಡುವುದು. ತೇವದ ಹವೆಯಲ್ಲಿ ಟ್ಯಾಂಕಿನ ಒಳಗೋಡೆಗೆ ನೀರಿನ ಹನಿ ಕಟ್ಟುತ್ತದೆ. ನೀರು ಇಂಧನಕ್ಕಿಂತ ಭಾರ, ತಳಕ್ಕೆ ಇಳಿಯುತ್ತದೆ. ಅದು ಎಂಜಿನ್ನಿಗೆ ಹೋದರೆ ಆಕಾಶದಲ್ಲೇ ಎಂಜಿನ್ ನಿಲ್ಲಬಹುದು.

ಆ ಜುಲೈನಲ್ಲಿ ಈ ಕೆಲಸಕ್ಕೆ ಪರೀಕ್ಷೆ ಬಂತು. ಕೈಲಾಹುನ್ ಎಂಬ ಊರಿನಲ್ಲಿ ನಮ್ಮ ಗೂರ್ಖಾ ರೈಫಲ್ಸ್‌ನ ಎರಡು ಕಂಪನಿಗಳನ್ನು ಬಂಡುಕೋರರು ಎರಡು ತಿಂಗಳಿಗೂ ಹೆಚ್ಚು ಕಾಲ ಸುತ್ತುವರಿದಿದ್ದರು. ಮಾತುಕತೆ ಫಲ ಕೊಡಲಿಲ್ಲ. ಜುಲೈ 15ರಂದು ‘ಆಪರೇಷನ್ ಖುಕ್ರಿ’ ಶುರುವಾಯಿತು. ಬೆಳಗಿನಿಂದಲೇ ಮಳೆ ಮೋಡ. ಆದರೂ ನಮ್ಮ ಮಿ-8 ಹೆಲಿಕಾಪ್ಟರ್‌ಗಳು ಯೋಧರನ್ನು ಹೊತ್ತವು, ಮಿ-35ಗಳು ದಾಳಿಗಿಳಿದವು. ಬ್ರಿಟನ್ನಿನ ಚಿನೂಕ್ ಹೆಲಿಕಾಪ್ಟರ್‌ಗಳೂ ಜತೆಗಿದ್ದವು. ಸುತ್ತುವರಿದವರ ಬಲೆಯಿಂದ ಎರಡೂ ಕಂಪನಿಗಳು ಹೊರಬಂದವು. ಆ ಕಾರ್ಯಾಚರಣೆಯಲ್ಲಿ ಭಾರತದ ಒಬ್ಬ ಯೋಧ ಪ್ರಾಣ ಕೊಟ್ಟರು.

“ಕಾಕಾ, ಹಂಗಾದ್ರ ನೀವು ಒಂದೂ ಗುಂಡು ಹಾರಿಸಲಿಲ್ಲೇನ್ರಿ?” ಎಂದು ಕೇಳಿದೆ. ನಕ್ಕರು. ಅವತ್ತು ಹೋದ ಹೆಲಿಕಾಪ್ಟರ್‌ಗಳನ್ನು ತಿರುಗಿ ಬರುವಾಗ ಒಂದೊಂದಾಗಿ ಎಣಿಸುತ್ತ ನಿಂತಿದ್ದರಂತೆ. ಕೊನೆಯದು ನೆಲ ಮುಟ್ಟಿದ ಮೇಲೆ ಮತ್ತೆ ಎಲ್ಲವನ್ನೂ ಬಿಚ್ಚಿ ನೋಡುವ ಕೆಲಸ.

ಅಲ್ಲಿನ ಜನರ ಮಾತೂ ಅವರಿಗೆ ನೆನಪಿದೆ. ಕ್ರಿಯೋ ಭಾಷೆಯಲ್ಲಿ ಎದುರಾದವರನ್ನು ‘ಹೌ ದಿ ಬಾಡಿ?’ ಎಂದು ವಿಚಾರಿಸುತ್ತಾರೆ. ಅಂದರೆ ‘ಮೈ ಹೆಂಗೈತಿ?’ ಎಂದೇ. ಮನೆ, ಹೊಲ, ಮಕ್ಕಳನ್ನು ಕಳೆದುಕೊಂಡವರೂ ಹಾಗೆ ಕೇಳದೆ ಮುಂದೆ ಹೋಗುತ್ತಿರಲಿಲ್ಲ ಎನ್ನುವಾಗ ಅವರ ದನಿ ಇಳಿಯಿತು.

ಕೆಂಪು ಆಕಾಶದ ಊರು

ಎರಡನೆಯವರು ಕಾಂಗೋದ ಗೋಮಾದಲ್ಲಿದ್ದರು. 2003ರಿಂದ ಹಲವು ವರ್ಷ ನಮ್ಮ ಮಿ-17 ಮತ್ತು ದಾಳಿ ಹೆಲಿಕಾಪ್ಟರ್‌ಗಳು ಆ ದೇಶದ ಪೂರ್ವ ಭಾಗದಲ್ಲಿ ವಿಶ್ವಸಂಸ್ಥೆಯ ಧ್ವಜದ ಕೆಳಗೆ ಹಾರಾಡಿದವು. ಗೋಮಾ ಭೂಮಧ್ಯರೇಖೆಗೆ ತೀರಾ ಹತ್ತಿರ. ಬೆವರಿಳಿಸುವ ಸೆಖೆ ಇರುತ್ತದೆಂದು ಹೋದವರಿಗೆ ಅಲ್ಲಿ ರಾತ್ರಿ ಸ್ವೆಟರ್ ಬೇಕಾಯಿತು. ಊರು ಸುಮಾರು 1,500 ಮೀಟರ್ ಎತ್ತರದಲ್ಲಿ, ಕೀವು ಸರೋವರದ ದಂಡೆಯ ಮೇಲಿದೆ. ಎತ್ತರದಲ್ಲಿ ಗಾಳಿ ತೆಳು, ಹೆಲಿಕಾಪ್ಟರ್ ಹೊರುವ ಭಾರವೂ ಕಡಿಮೆ. ಹೀಗಾಗಿ ಪ್ರತಿ ಹಾರಾಟಕ್ಕೂ ತೂಕದ ಲೆಕ್ಕ ಹಾಕಬೇಕು.

ಊರ ಪಕ್ಕದಲ್ಲೇ ನ್ಯಿರಾಗೊಂಗೊ ಜ್ವಾಲಾಮುಖಿ. 2002ರ ಜನವರಿಯಲ್ಲಿ ಅದರ ಲಾವಾ ಗೋಮಾದ ನಡುವೆ ಹರಿದು ವಿಮಾನ ನಿಲ್ದಾಣದ ರನ್‌ವೇಯ ಒಂದು ಭಾಗವನ್ನೇ ಮುಚ್ಚಿತ್ತು. ನಮ್ಮವರು ಹೋದಾಗ ಆ ಕಪ್ಪು ಕಲ್ಲಿನ ರಾಶಿ ಅಲ್ಲೇ ಬಿದ್ದಿತ್ತು. ಮೋಡವಿಲ್ಲದ ರಾತ್ರಿಯಲ್ಲಿ ಬೆಟ್ಟದ ತುದಿಯ ಆಕಾಶ ಕೆಂಪಗೆ ಕಾಣುತ್ತಿತ್ತು. ಜನ ಅದೇ ಲಾವಾ ಕಲ್ಲಿನಿಂದ ಕಂಪೌಂಡು ಕಟ್ಟಿಕೊಂಡಿದ್ದರು. ‘ಚುಕುಡು’ ಎಂಬ ಕಟ್ಟಿಗೆಯ ಎರಡು ಗಾಲಿಯ ಗಾಡಿಯ ಮೇಲೆ ಚೀಲಗಟ್ಟಲೆ ಇದ್ದಿಲು, ಬಟಾಟೆ ಹೇರಿ ದಬ್ಬಿಕೊಂಡು ಹೋಗುತ್ತಿದ್ದರು. ಅಲ್ಲಿನವರ ಊಟದ ‘ಉಗಾಲಿ’ ನೋಡಿದಾಗ ಇವರಿಗೆ ಅವ್ವ ಮಾಡುತ್ತಿದ್ದ ಜೋಳದ ಸಂಗಟಿ ನೆನಪಾಯಿತಂತೆ.

ಕಾಯಿಲೆಯ ಭಯವೂ ಇತ್ತು. ಹೊರಡುವ ಕನಿಷ್ಠ ಹತ್ತು ದಿನ ಮೊದಲೇ ಹಳದಿ ಜ್ವರದ ಲಸಿಕೆ, ಅಲ್ಲಿ ತಪ್ಪದೆ ಮಲೇರಿಯಾ ಮಾತ್ರೆ, ಮಲಗುವಾಗ ಸೊಳ್ಳೆ ಪರದೆ. ಅಲ್ಲಿ ಹೆಚ್ಚಾಗಿರುವುದು ಮಿದುಳಿಗೆ ಏರಿ ಪ್ರಾಣ ತೆಗೆಯಬಲ್ಲ ಫಾಲ್ಸಿಪಾರಮ್ ಮಲೇರಿಯಾ. ಗುಂಡಿಗಿಂತ ಸೊಳ್ಳೆಗೇ ಹೆಚ್ಚು ಹೆದರುತ್ತಿದ್ದೆವು ಎಂದು ಅವರು ಹೇಳಿದ್ದು ತಮಾಷೆಗಲ್ಲ.

ಭತ್ಯೆ ಚೆನ್ನಾಗಿತ್ತು, ಮನೆ ಕಟ್ಟಲು ನೆರವಾಯಿತು ಎಂಬುದನ್ನು ಇಬ್ಬರೂ ಮುಚ್ಚಿಡಲಿಲ್ಲ. ಆದರೆ ಊರಲ್ಲಿ ಮಗುವಿಗೆ ಜ್ವರ ಬಂದ ಸುದ್ದಿ ಫೋನಿನಲ್ಲಿ ಕೇಳಿ, ಮರುದಿನ ನಸುಕಿನಲ್ಲಿ ಏನೂ ಆಗದವರಂತೆ ಎಂಜಿನ್ ಮುಂದೆ ನಿಲ್ಲಬೇಕಿತ್ತು. ಅದಕ್ಕೆ ಭತ್ಯೆ ಇಲ್ಲ ಎಂದರು ಗೋಮಾದ ಕಾಕಾ.

ನಮಗೆ ಇದರಿಂದ ಏನು?

ಈ ಇಬ್ಬರಿಗೂ ಪರದೇಶದ ಪೋಸ್ಟಿಂಗ್ ಸಿಕ್ಕಿದ್ದು ಸೇವೆಗೆ ಸೇರಿ ಹತ್ತು ವರ್ಷ ದಾಟಿದ ಮೇಲೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆಯ ಅವಧಿ ನಾಲ್ಕು ವರ್ಷ. ಆಮೇಲೆ ಉಳಿಯುವವರು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರು. ಈ ವ್ಯವಸ್ಥೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನಾನು ಇಬ್ಬರನ್ನೂ ಕೇಳಿದ್ದು ಒಂದೇ ಪ್ರಶ್ನೆ: ನಾಲ್ಕು ವರ್ಷಕ್ಕೆ ಹೋಗುವ ಹುಡುಗ ಏನನ್ನು ಗಳಿಸಿಕೊಂಡು ಬರಬೇಕು? ಇಬ್ಬರ ಉತ್ತರವೂ ಒಂದೇ. ಕೈಗೆ ಒಂದು ಕೆಲಸ, ಮತ್ತು ಯಾರೂ ನೋಡದಿದ್ದರೂ ಅದನ್ನು ಪೂರ್ತಿ ಮಾಡುವ ರೂಢಿ. ದಿನಾ ಬೆಳಗ್ಗೆ ಗಾಜಿನ ಪಾತ್ರೆಯಲ್ಲಿ ಒಂದು ಹನಿ ನೀರಿಗಾಗಿ ಹುಡುಕಿದವರ ಮಾತು ಅದು. ಸಮವಸ್ತ್ರ ಕಳಚಿದ ಮೇಲೂ ಇವೆರಡು ಉಳಿಯುತ್ತವೆ.

ಮುಧೋಳ ಎಂದರೆ ಹೊರಗಿನವರಿಗೆ ಗೊತ್ತಿರುವುದು ನಮ್ಮ ನಾಯಿ, ನಮ್ಮ ಕವಿ ರನ್ನ. ರನ್ನ ಸಾವಿರ ವರ್ಷದ ಹಿಂದೆ ಗದಾಯುದ್ಧವನ್ನು ಬರೆದಿಟ್ಟ, ಹಾಗಾಗಿ ಅದು ಉಳಿಯಿತು. ನಮ್ಮ ಓಣಿಗಳಲ್ಲಿ ಇರುವ ನಿವೃತ್ತ ಯೋಧರ ಕತೆಗಳನ್ನು ಬರೆದವರು ಯಾರೂ ಇಲ್ಲ. 1987ರಿಂದ 1990ರವರೆಗೆ ಶ್ರೀಲಂಕಾಕ್ಕೆ ಹೋದವರು, 1988ರ ನವೆಂಬರ್‌ನಲ್ಲಿ ಮಾಲ್ದೀವ್ಸ್ ಕಾರ್ಯಾಚರಣೆಯಲ್ಲಿದ್ದವರು ಈಗ ಅರವತ್ತರ ಆಸುಪಾಸಿನಲ್ಲಿ ಅಥವಾ ಅದನ್ನು ದಾಟಿದ್ದಾರೆ. ಆಫ್ರಿಕಾಕ್ಕೆ ಹೋದವರಿಗೂ ವಯಸ್ಸಾಗುತ್ತಿದೆ.

ಗೆಳೆಯರೇ, ನಾವು ಮೊಬೈಲಿನಲ್ಲಿ ದಿನಕ್ಕೆ ಎಷ್ಟೋ ರೆಕಾರ್ಡ್ ಮಾಡುತ್ತೇವೆ. ಒಂದು ರವಿವಾರ ನಿಮ್ಮೂರಿನ ಮಾಜಿ ಸೈನಿಕರ ಮನೆಗೆ ಹೋಗಿ. ಎಷ್ಟು ಜನರನ್ನು ಹೊಡೆದಿರಿ ಎಂದು ಕೇಳಬೇಡಿ. ಅಲ್ಲಿ ಏನು ಉಂಡಿರಿ, ಬಟ್ಟೆ ಹೇಗೆ ಒಣಗಿಸಿದಿರಿ, ಮನೆಗೆ ಹೇಗೆ ಸುದ್ದಿ ಕಳಿಸಿದಿರಿ ಎಂದು ಕೇಳಿ. ತಾರೀಖು, ಊರಿನ ಹೆಸರು ಬರೆದುಕೊಳ್ಳಿ. ಅವರ ಬಳಿ ಹಳೆಯ ಫೋಟೊ ಇದ್ದರೆ ಅದರ ಹಿಂದೆ ಯಾರು, ಎಲ್ಲಿ, ಯಾವ ವರ್ಷ ಎಂದು ಅವರ ಕೈಯಿಂದಲೇ ಬರೆಸಿ. ಸಾಂಬ್ರಾಕ್ಕೆ ಹೊರಡುವ ಮೊದಲು ನಮಗೆ ಇದಕ್ಕಿಂತ ಒಳ್ಳೆಯ ಕೋಚಿಂಗ್ ಕ್ಲಾಸ್ ಸಿಗಲಾರದು.