ಹೇಳಲಾಗದ ನೋವನ್ನು ಅರಿಯೋಣ

ಪ್ರವಾದಿಯವರ(ಸ) ಕೊನೆಯ ಗಳಿಗೆಗಳ ಒಂದು ಸಂಗತಿ ಹದೀಸ್‌ಗಳಲ್ಲಿ ದಾಖಲಾಗಿದೆ. ಆಯಿಶಾರ(ರ) ಸಹೋದರ ಅಬ್ದುರ್ರಹ್ಮಾನ್(ರ) ಮಿಸ್ವಾಕ್ ಹಿಡಿದು ಒಳಗೆ ಬಂದರು. ಪ್ರವಾದಿಯವರು(ಸ) ಅದನ್ನೇ ನೋಡುತ್ತಿದ್ದರು. ಆ ನೋಟವನ್ನು ಅರ್ಥಮಾಡಿಕೊಂಡ ಆಯಿಶಾ(ರ) ಬೇಕೇ ಎಂದು ಕೇಳಿದರು. ಅವರು ತಲೆಯಾಡಿಸಿದಾಗ ಅದನ್ನು ಮೆದುಮಾಡಿ ಕೊಟ್ಟರು. ಬಾಯಿಬಿಟ್ಟು ಹೇಳಲಾಗದವರ ಅಗತ್ಯವನ್ನು ನೋಡಿ ತಿಳಿಯುವ ಈ ಗುಣ ಇಂದು ನಮ್ಮ ಮನೆಗಳಿಗೆ ಬೇಕಾಗಿದೆ.

ತುಮಕೂರು, ಗುಬ್ಬಿ, ಕುಣಿಗಲ್‌ನ ನಮ್ಮ ಮೊಹಲ್ಲಾಗಳಲ್ಲಿ ಇಂಥ ಮಾತು ಕೇಳುತ್ತಲೇ ಇರುತ್ತೇವೆ: 'ದಾದಿಗೆ ಈಗ ಬಹಳ ಹಟ. ಊಟ ಕೊಟ್ಟರೆ ತಟ್ಟೆ ತಳ್ಳುತ್ತಾರೆ.' ಅದು ಹಟವಲ್ಲದೆ ಮರೆಗುಳಿ ಕಾಯಿಲೆ, ಅಂದರೆ ಡಿಮೆನ್ಶಿಯಾ ಇರಬಹುದು. ತಟ್ಟೆ ತಳ್ಳುವುದಕ್ಕೆ ಕಾರಣ ಹುಳುಕು ಹಲ್ಲಿನ ನೋವೂ ಆಗಿರಬಹುದು. ಡಿಮೆನ್ಶಿಯಾ ಇರುವವರಿಗೆ 'ಹಲ್ಲು ನೋಯುತ್ತಿದೆ' ಎಂದು ಹೇಳಲು ಪದ ಸಿಗುವುದಿಲ್ಲ. ನೋವು ಕೋಪವಾಗಿ, ನಿದ್ದೆಗೇಡಾಗಿ, ಕೆನ್ನೆಗೆ ಕೈ ಒತ್ತಿಕೊಳ್ಳುವುದಾಗಿ ಹೊರಬರುತ್ತದೆ.

ದೇಶದ 60 ದಾಟಿದವರಲ್ಲಿ ಶೇ. 7.4ರಷ್ಟು, ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಪುರುಷರಿಗಿಂತ ಮಹಿಳೆಯರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು 45 ದಾಟಿದ ಹಳ್ಳಿಗರನ್ನು ವರ್ಷವರ್ಷವೂ ಪರೀಕ್ಷಿಸುತ್ತಿದೆ. 10,000 ಜನರನ್ನು ಸೇರಿಸಿಕೊಳ್ಳುವುದು ಅದರ ಗುರಿ. ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡುತನ, ಒಂಟಿತನ ಇವೆಲ್ಲ ಡಿಮೆನ್ಶಿಯಾದ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಜಗತ್ತಿನ ಸಂಶೋಧನೆಗಳು ತೋರಿಸಿವೆ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ; ಅವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ 'ವಯಸ್ಸಾಯಿತು' ಎಂದು ಸುಮ್ಮನಾಗದೆ ಮೊದಲು ವೈದ್ಯರಿಗೆ ತೋರಿಸಬೇಕು.

ಆದರೆ ಹಲ್ಲಿನ ವೈದ್ಯರ ಬಳಿ ಕರೆದೊಯ್ಯಲು ಹಿಂಜರಿಯುವವರು ಹೆಚ್ಚಾಗಿ ನಾವೇ. ಈ ಭಯಕ್ಕೆ ನಾಚಬೇಕಿಲ್ಲ. ಅದನ್ನು ಅಳೆಯಲು ಸಂಶೋಧಕರು ಐದು ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ: ನಾಳೆ ಹೋಗಬೇಕೆಂದಾಗ, ಹೊರಗೆ ಕಾಯುವಾಗ, ಹಲ್ಲು ಕೊರೆಯುವಾಗ, ಹಲ್ಲು ಶುಚಿಗೊಳಿಸುವಾಗ, ಒಸಡಿಗೆ ಸೂಜಿ ಹಾಕುವಾಗ ಎಷ್ಟು ಹೆದರಿಕೆ? 25ರಲ್ಲಿ 19 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಅದು ತೀವ್ರ ಭಯ. ಬಾಲ್ಯದ ನೋವಿನ ಅನುಭವ, ಮನೆಯವರು ಹೇಳಿದ ಭಯದ ಕಥೆಗಳು, ಕುರ್ಚಿಯಲ್ಲಿ ತನ್ನ ಕೈಯಲ್ಲಿ ಏನೂ ಇಲ್ಲವೆಂಬ ಭಾವನೆ ಇದರ ಬೇರುಗಳು. 'ಅಳಬೇಡ, ಡಾಕ್ಟರ್ ಸೂಜಿ ಚುಚ್ಚುತ್ತಾರೆ' ಎಂದು ಮಕ್ಕಳನ್ನು ಹೆದರಿಸುವ ನಾವೇ ಆ ಬೇರಿಗೆ ನೀರೆರೆಯುತ್ತೇವೆ.

ಪರಿಹಾರ ಸರಳ. ಭಯವಿದೆಯೆಂದು ವೈದ್ಯರಿಗೆ ಮೊದಲೇ ಹೇಳಿ. ಏನು ಮಾಡುತ್ತೇವೆಂದು ಹೇಳಿ, ಉಪಕರಣ ತೋರಿಸಿ, ನಂತರ ಮಾಡುವ ಕ್ರಮ ದಂತವೈದ್ಯರಿಗೆ ಗೊತ್ತು. ಕೈ ಎತ್ತಿದರೆ ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ಹಿರಿಯರನ್ನು ಅವರು ಶಾಂತವಾಗಿರುವ ಹೊತ್ತಿನಲ್ಲಿ, ಪರಿಚಿತ ಮುಖದೊಂದಿಗೆ ಕರೆದೊಯ್ಯಿರಿ. ಮನೆಯಲ್ಲಿ ದಿನವೂ ಹಲ್ಲುಜ್ಜಲು ನೆರವಾಗಿ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಿ. ತುಮಕೂರಿನಲ್ಲಿ ದಂತ ವೈದ್ಯಕೀಯ ಕಾಲೇಜಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಆರೈಕೆ ಮಾಡುವವರ ಮನಸ್ಸು ಕುಗ್ಗಿದರೆ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮುಪ್ಪಿನಲ್ಲಿ ತಿಳಿದದ್ದೆಲ್ಲ ಮರೆತುಹೋಗುವ ಸ್ಥಿತಿಯನ್ನು ಕುರ್‌ಆನ್ ಸೂರಃ ಅನ್ನಹ್ಲ್‌ನಲ್ಲಿ ಪ್ರಸ್ತಾಪಿಸಿದೆ. ಬುದ್ಧಿ ಕಳೆದುಕೊಂಡವರ ಮೇಲೆ ವಿಚಾರಣೆಯ ಹೊರೆಯಿಲ್ಲ. ವಿಚಾರಣೆ ಇರುವುದು ನಮ್ಮ ಮೇಲೆ. ಅಬ್ಬಾ ಅಸರ್ ನಮಾಝನ್ನು ಮೂರನೇ ಸಲ ಮಾಡಲು ನಿಂತರೆ ಗದರಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಸೇವೆಯನ್ನು ಸೊಸೆಯೊಬ್ಬಳ ಹೆಗಲಿಗೇ ಬಿಡದೆ ಗಂಡುಮಕ್ಕಳೂ ಸರದಿ ಹಂಚಿಕೊಳ್ಳಲಿ. ನಮ್ಮ ಹೆಸರನ್ನೇ ಮರೆತ ತಂದೆತಾಯಿಯರ ಮುಂದೆಯೂ ಬೇಸರದ ಉದ್ಗಾರ ಹೊರಡದಂಥ ಸಹನೆಯನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.