ಅಪ್ಪ ಬಿಟ್ಟುಹೋದ ರೈಲು

ಕೊಯಮತ್ತೂರಿನ ಗಾಂಧಿಪುರಂನಲ್ಲಿ ಮನೆ ಭೇಟಿಗೆ ಹೋಗಿದ್ದೆವು. ಮನೆಯ ಯಜಮಾನರು ರೈಲ್ವೆಯಲ್ಲಿದ್ದವರು. ತೀರಿಕೊಂಡು ವರ್ಷ ತುಂಬಿತ್ತು. ಮಕ್ಕಳು ಬೀರುವಿನ ಮೇಲಿಂದ ಹಳೆಯ ಟ್ರಂಕ್ ಇಳಿಸಿದರು. ಒಳಗೆ ಹಾರ್ನ್‌ಬಿ ಕಂಪನಿಯ ಪುಟ್ಟ ರೈಲುಗಳು!

"ಮೂವರೂ ಹಂಚಿಕೊಳ್ಳೋಣವೇ ಫಾದರ್, ಇಲ್ಲ ಮಾರಿಬಿಡೋಣವೇ?" ಎಂದು ಹಿರಿಯ ಮಗ ಕೇಳಿದರು. "ಅಪ್ಪ ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ" ಎಂದು ಮಗಳು ಕಣ್ಣೊರೆಸಿಕೊಂಡರು.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿಯವರ ಕಂಪನಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲುಗಳನ್ನು ಹೊರತಂದಿತು. 1938ರಲ್ಲಿ ಇನ್ನೂ ಚಿಕ್ಕದಾದ 'ಡಬ್ಲೊ' ರೈಲು ಬಂತು. ಅದರ ವಿದ್ಯುತ್ ರೈಲಿಗೆ ಮೊದಲು ಮೂರು ಹಳಿ. 1959ರಿಂದ ಎರಡು ಹಳಿಯದೂ ಬಂತು. ಒಂದರ ಎಂಜಿನ್ ಇನ್ನೊಂದರ ಹಳಿಯ ಮೇಲೆ ಹಾಗೆಯೇ ಓಡದು. ತಿಳಿಯದೆ ಹಂಚಿದರೆ ಅಣ್ಣನಿಗೆ ಎಂಜಿನ್, ತಮ್ಮನಿಗೆ ಹಳಿ, ಯಾರಿಗೂ ರೈಲಿಲ್ಲ!

ಇಂಥ ಆಸ್ತಿ ಕೈಗೆ ಬಂದರೆ ಏನು ಮಾಡಬೇಕು? ಮೊದಲು ಏನನ್ನೂ ಮಾಡದಿರುವುದೇ ಮೇಲು. ಹೊಳಪು ಬರಲೆಂದು ಸೋಪಿನಲ್ಲಿ ತೊಳೆಯಬೇಡಿ, ಹೊಸ ಬಣ್ಣ ಬಳಿಯಬೇಡಿ. ಹಳೆಯ ಬಣ್ಣ ಸವೆದಿದ್ದರೂ ಸಂಗ್ರಹಕಾರರಿಗೆ ಅದೇ ಬೇಕು. ರಟ್ಟಿನ ಡಬ್ಬಿ ಹರಿದಿದ್ದರೂ ಎಸೆಯಬೇಡಿ, ಅದಕ್ಕೂ ಬೆಲೆಯಿದೆ. ಮೃದುವಾದ ಕುಂಚದಿಂದ ಧೂಳು ತೆಗೆದರೆ ಸಾಕು.

ರಬ್ಬರ್ ಬ್ಯಾಂಡ್ ಹಾಕಬೇಡಿ. ಅದು ಕರಗಿ ಅಂಟಿಕೊಳ್ಳುತ್ತದೆ. ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆಯೂ ಬೇಡ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ. ಬಿಸಿಲು, ತೇವ ಎರಡೂ ತಾಗದ ಕಡೆ ಇಡಿ. ಯುದ್ಧಕ್ಕೆ ಮುಂಚಿನ ಕೆಲವು ಎಂಜಿನ್‌ಗಳ ಸತುವಿನ ಎರಕದಲ್ಲಿ ಸೀಸದಂಥ ಕಲ್ಮಷ ಬೆರೆತಿರುವುದರಿಂದ ಲೋಹವೇ ಉಬ್ಬಿ ಬಿರುಕು ಬಿಡುತ್ತದೆ. ಅದಕ್ಕೆ ಮದ್ದಿಲ್ಲ, ಬಿರುಕು ಕಂಡರೆ ಅಲುಗಾಡಿಸದೆ ಇಡಿ. ಹಳೆಯ ಟ್ರಾನ್ಸ್‌ಫಾರ್ಮರನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸದೆ ಪ್ಲಗ್‌ಗೆ ಹಾಕಲೇಬೇಡಿ.

ಆಮೇಲೆ ಒಂದೊಂದರ ಫೋಟೊ ತೆಗೆದು, ಮೇಲಿರುವ ಹೆಸರು, ನಂಬರ್ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವಾಗ, ಎಲ್ಲಿ ಕೊಂಡದ್ದೆಂದು ಬಲ್ಲ ಹಿರಿಯರನ್ನು ಈಗಲೇ ಕೇಳಿ. ಮಾರುವುದಾದರೂ ಒಬ್ಬರ ಮಾತಿಗೆ ಒಪ್ಪದೆ ಇಬ್ಬರು ಮೂವರಲ್ಲಿ ವಿಚಾರಿಸಿ.

ಪುಣೆಯ ಕೋಥ್ರುಡ್‌ನಲ್ಲಿ ಭಾವೂ ಜೋಶಿಯವರು ತಮ್ಮ ಪುಟ್ಟ ರೈಲುಗಳಿಗಾಗಿ 1998ರಲ್ಲಿ ಮ್ಯೂಸಿಯಂ ತೆರೆದರು. ಅವರ ನಂತರ ಕುಟುಂಬದವರೇ ಅದನ್ನು ನಡೆಸಿಕೊಂಡು ಬಂದರು. ಪೆಟ್ಟಿಗೆಯಲ್ಲಿ ಉಳಿಯಬಹುದಾಗಿದ್ದ ರೈಲುಗಳನ್ನು ಊರಿನ ಮಕ್ಕಳೆಲ್ಲ ನೋಡುವಂತಾಯಿತು.

ಗಾಂಧಿಪುರಂನ ಮನೆಯವರು ಆ ಸಂಜೆ ಮಾರಲೂ ಇಲ್ಲ, ಹಂಚಲೂ ಇಲ್ಲ. ಪಟ್ಟಿ ಬರೆಯುವ ಕೆಲಸವನ್ನು ಮಗಳಿಗೇ ಒಪ್ಪಿಸಿದರು. ನಾವು ಹೊರಡುವಾಗ ಆಕೆ ಹಸಿರು ಎಂಜಿನ್ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದರು. ಅಪ್ಪನ ರೈಲನ್ನು ಅವರು ಮುಟ್ಟಿದ್ದು ಅದೇ ಮೊದಲು.