ಕ್ರಾಂತಿಯ ಬೀಜ ಮತ್ತು ಫಲ: ಕಲ್ಯಾಣದಿಂದ ನರಗುಂದದವರೆಗೆ

‘ಕ್ರಾಂತಿ’ ಎಂಬ ಶಬ್ದವು ಹೆಜ್ಜೆಯಿಡು, ದಾಟು ಎಂಬ ಅರ್ಥವುಳ್ಳ ಸಂಸ್ಕೃತ ಧಾತುವಿನಿಂದ ನಿಷ್ಪನ್ನವಾದುದು. ಸೂರ್ಯನು ಒಂದು ರಾಶಿಯಿಂದ ಮತ್ತೊಂದು ರಾಶಿಗೆ ದಾಟುವುದು ಸಂಕ್ರಾಂತಿ. ಜನಸಮುದಾಯವು ಒಂದು ವ್ಯವಸ್ಥೆಯಿಂದ ಮತ್ತೊಂದಕ್ಕೆ ದಾಟುವುದು ಕ್ರಾಂತಿ. ಆದುದರಿಂದ ಒಬ್ಬ ಅರಸನು ಹೋಗಿ ಇನ್ನೊಬ್ಬನು ಬಂದ ಮಾತ್ರಕ್ಕೆ ಅದನ್ನು ಕ್ರಾಂತಿಯೆನ್ನಲಾಗದು. ಕಲಚುರಿ ಬಿಜ್ಜಳನು ಚಾಲುಕ್ಯ ಮೂರನೆಯ ತೈಲಪನಿಂದ ಅಧಿಕಾರವನ್ನು ಕಸಿದುಕೊಂಡು ೧೧೬೨ರ ಸುಮಾರಿಗೆ ಕಲ್ಯಾಣದಿಂದ ಆಳತೊಡಗಿದುದು ಸಿಂಹಾಸನದ ಬದಲಾವಣೆ. ಅದೇ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಕೈಕೊಂಡುದು ಕ್ರಾಂತಿ. ಇವೆರಡರ ಅಂತರವನ್ನು ಅರಿತರೆ ಇತಿಹಾಸದ ಅರ್ಧಭಾಗವು ಅರಿವಾದಂತೆಯೇ.

ಕ್ರಾಂತಿಗೆ ಕಾರಣಗಳು ಎರಡು ಬಗೆಯವು. ಒಂದು ದೀರ್ಘಕಾಲದಿಂದ ಕೂಡಿಬಂದ ಕಾರಣ. ಇನ್ನೊಂದು ತತ್ಕಾಲದ ನಿಮಿತ್ತ. ಬಣವೆ ಒಣಗಿ ನಿಂತಿರದಿದ್ದರೆ ಕಿಡಿ ಬಿದ್ದರೂ ಉರಿ ಏಳದು. ಫ್ರಾನ್ಸ್ ದೇಶದಲ್ಲಿ ಸರದಾರರಿಗೂ ಪಾದ್ರಿಗಳಿಗೂ ತೆರಿಗೆಯ ವಿನಾಯಿತಿ, ರೈತನಿಗೆ ಮಾತ್ರ ಸಕಲ ಭಾರ ಎಂಬ ಅನ್ಯಾಯವು ತಲೆಮಾರುಗಳಿಂದ ನಡೆದುಬಂದಿತ್ತು. ಬೊಕ್ಕಸ ಬರಿದಾಗಿ, ೧೭೮೮ರ ಬೆಳೆ ಕೆಟ್ಟು, ರೊಟ್ಟಿಯ ಬೆಲೆ ಏರಿದಾಗ ೧೭೮೯ರಲ್ಲಿ ಆ ಬಣವೆಗೆ ಕಿಡಿ ತಗುಲಿತು. ೧೯೧೭ರ ರಷ್ಯದಲ್ಲಿಯೂ ಯುದ್ಧದ ಬಳಲಿಕೆಯೂ ಹಸಿವೂ ಕೂಡಿ ಹಳೆಯ ಅಸಮಾಧಾನವನ್ನು ಸ್ಫೋಟಗೊಳಿಸಿದವು.

ಹನ್ನೆರಡನೆಯ ಶತಮಾನದ ಕನ್ನಡ ನಾಡಿನಲ್ಲಿ ಒಣಗಿ ನಿಂತಿದ್ದ ಬಣವೆ ಯಾವುದು? ಹುಟ್ಟಿನಿಂದಲೇ ಮನುಷ್ಯನ ಬೆಲೆಯನ್ನು ಕಟ್ಟುವ ಪದ್ಧತಿ. ದುಡಿಯುವ ಕೈಗೆ ಗೌರವವಿಲ್ಲದ ಸಮಾಜ. ಬಹುಜನರಿಗೆ ಅರಿಯದ ಭಾಷೆಯಲ್ಲಿ ಬೀಗಮುದ್ರೆಗೊಂಡಿದ್ದ ಜ್ಞಾನ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳನ್ನು ನೋಡಿರಿ. ವ್ಯಕ್ತಿಯ ಹೆಸರಿನ ಹಿಂದೆ ಅವರ ಕಾಯಕವೇ ನಿಂತಿದೆ. ಯಾವ ಕಸುಬು ಅವರನ್ನು ಕೀಳೆನಿಸಿತ್ತೋ ಅದೇ ಕಸುಬು ಅವರ ಬಿರುದಾಯಿತು. ಇದು ಆ ಕ್ರಾಂತಿಯ ತಿರುಳು.

ನಮ್ಮ ಪುಲಿಗೆರೆಯ ಸಂದರ್ಭವನ್ನು ಇಲ್ಲಿ ಒರೆಗಿಟ್ಟು ನೋಡಬಹುದು. ಹರಿಹರನ ರಗಳೆಯಲ್ಲಿಯೂ ರಾಘವಾಂಕನ ಸೋಮನಾಥಚಾರಿತ್ರದಲ್ಲಿಯೂ ಆದಯ್ಯನು ಸೌರಾಷ್ಟ್ರದ ಸೋಮನಾಥನನ್ನು ಈ ಊರಿಗೆ ಬರಮಾಡಿಕೊಂಡ ಕಥೆ ಬಂದಿದೆ. ಜೈನ ಬಸದಿಗಳಿಂದಲೂ ಶಿವಾಲಯಗಳಿಂದಲೂ ಕಂಗೊಳಿಸುತ್ತಿದ್ದ ಪಟ್ಟಣದಲ್ಲಿ ನಡೆದ ಮತಸಂಘರ್ಷದ ನೆನಪು ಆ ಕಾವ್ಯಗಳಲ್ಲಿದೆ. ಭಕ್ತಿಯ ದೃಷ್ಟಿಯಿಂದ ಅದರ ಹಿರಿಮೆ ಏನೇ ಇರಲಿ, ಗುಡಿಯೊಳಗೆ ಯಾವ ದೇವರಿರಬೇಕು ಎಂಬುದು ಅಲ್ಲಿಯ ಪ್ರಶ್ನೆ. ದೇವರೆದುರು ಯಾರು ನಿಲ್ಲಬಹುದು ಎಂಬುದು ಕಲ್ಯಾಣದ ಪ್ರಶ್ನೆ. ಎರಡನೆಯ ಪ್ರಶ್ನೆಯನ್ನು ಕೇಳಿದಾಗಲೇ ಸಮಾಜದ ಬುನಾದಿ ಅಲುಗುತ್ತದೆ.

ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹವೇ ಕಲ್ಯಾಣದ ಕಿಡಿಯೆಂದು ಪರಂಪರೆ ಹೇಳುತ್ತದೆ. ಆ ಇಬ್ಬರು ತಂದೆಯರಿಗೆ ಘೋರ ಶಿಕ್ಷೆಯಾಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿದರು, ಚನ್ನಬಸವಣ್ಣನವರು ಉಳವಿಯತ್ತ ನಡೆದರು. ಎರಡು ದಶಕಗಳೊಳಗಾಗಿ ಕಲಚುರಿಗಳ ಆಳಿಕೆಯೂ ಅಳಿಯಿತು. ಹೊರನೋಟಕ್ಕೆ ಇದು ಸೋಲು. ಆದರೆ ಶರಣರು ತಮ್ಮ ವಿಚಾರವನ್ನು ಜನರಾಡುವ ಕನ್ನಡದಲ್ಲಿ ಇರಿಸಿದ್ದರು. ಕೋಟೆ ಬಿದ್ದರೂ ಓಲೆಗರಿ ಉಳಿಯಿತು. ವಿಜಯನಗರದ ಕಾಲದಲ್ಲಿ ಅದು ಶೂನ್ಯಸಂಪಾದನೆಯಾಗಿ ಕೂಡಿಬಂದಿತು, ೧೯೨೩ರಲ್ಲಿ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವಾಗಿ ಅಚ್ಚಿನಲ್ಲಿ ಮರುಹುಟ್ಟು ಪಡೆಯಿತು.

ಇನ್ನು ರಾಜಕೀಯ ಬಂಡಾಯದ ಮಾತು. ಬ್ರಿಟಿಷರು ಇನಾಮು ಭೂಮಿಗಳ ವಿಚಾರಣೆ ನಡೆಸಿದುದು, ದತ್ತಕವನ್ನು ಒಪ್ಪದುದು, ೧೮೫೭ರಲ್ಲಿ ಆಯುಧಗಳನ್ನು ಕಸಿದುಕೊಳ್ಳಲು ತೊಡಗಿದುದು ಇವೆಲ್ಲ ಸೇರಿ ನಮ್ಮ ಸೀಮೆಯಲ್ಲಿ ಅಸಮಾಧಾನವನ್ನು ಬೆಳೆಸಿದವು. ಹಲಗಲಿಯ ಬೇಡರು ಆಯುಧವನ್ನೊಪ್ಪಿಸಲಾರದೆ ಎದ್ದರು. ಮುಂಡರಗಿಯ ಭೀಮರಾಯರೂ ಹಮ್ಮಿಗೆಯ ಕೆಂಚನಗೌಡರೂ ನರಗುಂದದ ಭಾಸ್ಕರರಾಯ ಬಾಬಾಸಾಹೇಬರೂ ಒಳಗೊಳಗೇ ಸಿದ್ಧರಾಗಿದ್ದರು. ಹಮ್ಮಿಗೆಯಲ್ಲಿ ಕೂಡಿಸಿಟ್ಟ ಆಯುಧಗಳ ಸುಳಿವು ಸರಕಾರಕ್ಕೆ ಹತ್ತಿದುದರಿಂದ ಕಾಲ ಪಕ್ವವಾಗುವ ಮುನ್ನವೇ ೧೮೫೮ರ ಮೇ ತಿಂಗಳಲ್ಲಿ ಏಳಬೇಕಾಯಿತು. ಡಂಬಳದ ಖಜಾನೆ ಕೈವಶವಾಯಿತು. ಕೊಪ್ಪಳದ ಕೋಟೆಯೂ ದಕ್ಕಿತು. ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದನು. ಆದರೆ ಜೂನ್ ಮೊದಲ ದಿನಗಳಲ್ಲಿಯೇ ಕೊಪ್ಪಳ, ನರಗುಂದಗಳೆರಡೂ ಬಿದ್ದವು. ಭೀಮರಾಯರೂ ಕೆಂಚನಗೌಡರೂ ಕೊಪ್ಪಳದಲ್ಲಿ ವೀರಮರಣವನ್ನಪ್ಪಿದರು. ಬಾಬಾಸಾಹೇಬರನ್ನು ಜೂನ್ ೧೨ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಶೌರ್ಯದ ಕೊರತೆ ಅಲ್ಲಿರಲಿಲ್ಲ. ಒಬ್ಬೊಬ್ಬರ ನೋವು ಒಂದೊಂದಾಗಿತ್ತು. ಗೆದ್ದ ಮೇಲೆ ಕಟ್ಟಬೇಕಾದ ನಾಡು ಎಂತಹುದೆಂಬ ಸಮಾನ ಸಂಕಲ್ಪವು ಇನ್ನೂ ಮೂಡಿರಲಿಲ್ಲ. ಆದರೂ ಆ ರಕ್ತ ವ್ಯರ್ಥವಾಗಲಿಲ್ಲ. ದೇಶದಾದ್ಯಂತ ನಡೆದ ಆ ಹೋರಾಟದ ಫಲವಾಗಿ ಕಂಪನಿಯ ಆಳಿಕೆ ಕೊನೆಗೊಂಡಿತು. ೧೮೫೮ರ ನವೆಂಬರದಲ್ಲಿ ರಾಣಿಯ ಘೋಷಣೆ ಹೊರಬಿದ್ದಿತು. ಲಾವಣಿಗಳಲ್ಲಿ ಉಳಿದ ನೆನಪು ಮುಂದಿನ ಸ್ವಾತಂತ್ರ್ಯ ಚಳುವಳಿಗೆ ಕಸುವಾಯಿತು.

ಅದೇ ನರಗುಂದದ ಮಣ್ಣಿನಲ್ಲಿ ೧೯೮೦ರ ಜುಲೈ ೨೧ರಂದು ರೈತರು ಮತ್ತೆ ಎದ್ದರು. ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ಹೊರೆ ಬಂದುದು ಅದರ ಕಾರಣ. ಗೋಳಿಬಾರಿನಲ್ಲಿ ಜೀವಹಾನಿಯಾಯಿತು. ಅಲ್ಲಿಂದ ರೈತಚಳುವಳಿ ರಾಜ್ಯವ್ಯಾಪಿಯಾಯಿತು. ೧೯೮೩ರ ಚುನಾವಣೆಯಲ್ಲಿ ಅಂದಿನ ಆಡಳಿತಪಕ್ಷವು ಅಧಿಕಾರ ಕಳೆದುಕೊಳ್ಳುವುದಕ್ಕೆ ಅದೂ ಒಂದು ಕಾರಣವಾಯಿತು. ಪ್ರಜಾಪ್ರಭುತ್ವದಲ್ಲಿ ಕತ್ತಿಯ ಕೆಲಸವನ್ನು ಮತವು ಮಾಡಬಲ್ಲದೆಂಬುದಕ್ಕೆ ಇದು ನಿದರ್ಶನ.

ಕ್ರಾಂತಿಗಳ ಪರಿಣಾಮವನ್ನು ಅಳೆಯುವಾಗ ಕಹಿ ಫಲವನ್ನೂ ಮರೆಯಲಾಗದು. ಸಮಾನತೆಯ ಘೋಷಣೆ ಮಾಡಿದ ಫ್ರಾನ್ಸ್ ೧೮೦೪ರಲ್ಲಿ ನೆಪೋಲಿಯನ್ನನಿಗೆ ಚಕ್ರವರ್ತಿಪಟ್ಟ ಕಟ್ಟಿತು. ಜಾತಿಯನ್ನು ನಿರಾಕರಿಸಿದ ಶರಣರ ಅನುಯಾಯಿಗಳಲ್ಲಿಯೇ ಕಾಲಾನುಕ್ರಮದಲ್ಲಿ ಒಳಪಂಗಡಗಳು ಬೇರೂರಿದವು. ಹಳೆಯ ವ್ಯವಸ್ಥೆ ಹೊಸ ವೇಷದಲ್ಲಿ ಮರಳುವುದು ಇತಿಹಾಸದ ನಿಯಮವೆಂಬಂತೆ ತೋರುತ್ತದೆ. ಅದನ್ನು ತಡೆಯಬಲ್ಲುದು ನಿತ್ಯದ ಆಚರಣೆಯೊಂದೇ.

ಈ ಕಾರಣದಿಂದಲೇ ಮಠಗಳು ತೆರೆದ ಶಾಲೆ, ಪ್ರಸಾದನಿಲಯಗಳು ಕೇವಲ ದಾನಕಾರ್ಯಗಳಲ್ಲ; ಅವು ಕಲ್ಯಾಣದ ಅಪೂರ್ಣ ಕಾರ್ಯದ ಮುಂದುವರಿಕೆ. ಬಡವನ ಮಗುವೂ ಬಲ್ಲಿದನ ಮಗುವೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಲ್ಲಿ, ಒಂದೇ ಹಲಗೆಯ ಮುಂದೆ ಕುಳಿತು ಅಕ್ಷರ ಕಲಿತಲ್ಲಿ ಆ ಕ್ರಾಂತಿ ಜೀವಂತವಾಗಿದೆ. ಆ ಪಂಕ್ತಿ ಎಲ್ಲಿ ಒಡೆಯಿತೋ ಅಲ್ಲಿ ಅದು ನಿಂತುಹೋಯಿತೆಂದೇ ತಿಳಿಯಬೇಕು. ಧನವಿತ್ತ ದಾನಿಗಳೂ, ವಿದ್ಯೆಯಿತ್ತ ಗುರುಗಳೂ, ಪಡೆದುಹೋದ ವಿದ್ಯಾರ್ಥಿಗಳೂ ಈ ಪಂಕ್ತಿ ಒಡೆಯದಂತೆ ಕಾಯುವ ಹೊಣೆಯುಳ್ಳವರು.